ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಒಟ್ಟಾದರೆ ಹೊಸ ಮಾಲು ಹುಟ್ಟುತ್ತಾ?

ತಾರಿಹಾಳದವ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ತಾರಿಹಾಳದಲ್ಲಿ ನಂದೊಂದು ಸಣ್ಣ ವಾಲ್ವ್ ವರ್ಕ್‌ಶಾಪ್ ಇದೆ. ನನ್ನನ್ನೂ ಸೇರಿಸಿ ಹನ್ನೊಂದು ಜನ. ಹೋದ ವಾರ ಒಂದು ಸಭೆಗೆ ಕರೆದಿದ್ದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕೈ ಜೋಡಿಸಿದರೆ ಇಲ್ಲಿನ ಉದ್ಯಮಗಳಲ್ಲಿ ಹೊಸತನ ಬರುತ್ತದೆ ಅಂತ ಎರಡು ಗಂಟೆ ಭಾಷಣ. ವೇದಿಕೆ ಮೇಲೆ ಒಂಬತ್ತು ಕುರ್ಚಿ, ಒಂಬತ್ತು ಶಾಲು.

ಊಟಕ್ಕೆ ಕೂತಾಗ ಪಕ್ಕದವರನ್ನು ಕೇಳಿದೆ, ‘ಪಕ್ಕದ ಊರಿನವರಿಂದಾಗಿ ನೀವು ಹೊಸದಾಗಿ ಏನಾದರೂ ಮಾಡಿದ್ದೀರಾ?’ ಅಂತ. ಅವರು ನಕ್ಕು ಇನ್ನೊಂದು ಜಿಲೇಬಿ ಹಾಕಿಸಿಕೊಂಡರು.

ಅದೇ ಪ್ರಶ್ನೆ ಇಲ್ಲೂ ಕೇಳುತ್ತಿದ್ದೇನೆ. ಭಾಷಣ ಬೇಡ. ನಿಮ್ಮ ಧಂದೆಯಲ್ಲಿ ಆದದ್ದು ಹೇಳಿ. ಮತ್ತೆ, ಧಾರವಾಡಕ್ಕೆ ಬೇರೆ ಪಾಲಿಕೆ ಅಂತ 2025ರ ಜನವರಿಯಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತಲ್ಲ, ಅದರಿಂದ ನಮ್ಮಂಥವರಿಗೆ ಏನಾದರೂ ವ್ಯತ್ಯಾಸ ಆಗುತ್ತಾ?

ಪೇಡೆ ಊರಿನವ:
ಮೊದಲ ಉತ್ತರ ನಂದೇ ಇರಲಿ. ಆಗುತ್ತೆ, ಒಳ್ಳೇದೇ ಆಗುತ್ತೆ. 1962ರಿಂದ ಒಂದೇ ಪಾಲಿಕೆ ಇತ್ತು. ಹೆಸರಿಗೆ ಅವಳಿ, ಆದರೆ ದುಡ್ಡೆಲ್ಲ ಹುಬ್ಬಳ್ಳಿ ಕಡೆಗೇ ಹೋಯಿತು ಅಂತ ಧಾರವಾಡದಲ್ಲಿ ಯಾರನ್ನಾದರೂ ಕೇಳಿ, ಹೇಳುತ್ತಾರೆ.

ದುರ್ಗದಬೈಲ್:
ಶುರುವಾಯ್ತು.

ಪೇಡೆ ಊರಿನವ:
@ದುರ್ಗದಬೈಲ್ ಶುರು ಮಾಡಿದ್ದು ನಾನಲ್ಲರೀ, ಪ್ರಶ್ನೆಯಲ್ಲೇ ಇದೆ.

ಉದ್ಯಮಬಾಗ ಎರಕ:
ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಅಪ್ಪನ ಕಾಲದಿಂದ ಫೌಂಡ್ರಿ ನಮ್ಮದು. ಪಾಲಿಕೆ ಒಂದಾದರೂ ಎರಡಾದರೂ ನನಗೆ ಬರುವ ಆರ್ಡರ್ ಬದಲಾಗಲ್ಲ. ಹುಬ್ಬಳ್ಳಿಯವರು ವಾಲ್ವ್ ಮಾಡುತ್ತಾರೆ, ನಾವು ಎರಕ ಹೊಯ್ಯುತ್ತೇವೆ. ಇದನ್ನು ಯಾವ ಸಭೆಯೂ ತೀರ್ಮಾನ ಮಾಡಿದ್ದಲ್ಲ. ನಡುವೆ ನೂರು ಕಿಲೋಮೀಟರ್ ಹತ್ತಿರ ರಸ್ತೆ, ಬೆಳಿಗ್ಗೆ ಟೆಂಪೋ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮಾಲು ಅಲ್ಲಿರುತ್ತೆ.

ಸಹಕಾರ ಅನ್ನೋದು ದೊಡ್ಡ ಮಾತು. ಹತ್ತಿರ ಇದ್ದೇವೆ, ಅಷ್ಟೇ.

ತಾರಿಹಾಳದವ:
@ಉದ್ಯಮಬಾಗ ಎರಕ ಅಣ್ಣಾ, ಹತ್ತಿರ ಇರುವುದು ಮತ್ತು ಒಟ್ಟಿಗೆ ಕೆಲಸ ಮಾಡುವುದು ಬೇರೆ ಅಲ್ವಾ? ನಮ್ಮ ಗೋಡೆ ಆಚೆ ಇನ್ನೊಬ್ಬ ವಾಲ್ವ್‌ನವನು ಇದ್ದಾನೆ. ಎಂಟು ವರ್ಷದಲ್ಲಿ ಅವನು ನನಗೆ ಕೊಟ್ಟಿದ್ದು ಒಂದು ಸಲ ಪಾನಾ, ಅದೂ ಸಂಜೆ ವಾಪಸ್ ಇಸ್ಕೊಂಡ.

ಲೆಕ್ಕದಕ್ಕ:
😄 ಆ ಪಾನಾ ಈಗಲೂ ನೆನಪಿದೆ ಅಂದರೆ ನೀವೂ ಕಡಿಮೆ ಇಲ್ಲ ಬಿಡಿ.

ಕುಡ್ಲದ ಹುಡುಗ:
ಮಾರಾಯ್ರೇ, ಪಕ್ಕದ ಊರುಗಳ ಉದಾಹರಣೆ ಬೇಕಾದರೆ ಮಂಗಳೂರು–ಉಡುಪಿ ನೋಡಿ. 1906ರಲ್ಲಿ ಮಂಗಳೂರಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಮಂಗಳೂರಲ್ಲಿ ಕರ್ನಾಟಕ ಬ್ಯಾಂಕ್. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮತ್ತೆ ಮಂಗಳೂರಲ್ಲಿ ವಿಜಯಾ. ಎರಡು ಊರಿನ ನಡುವೆ ಅರವತ್ತು ಕಿಲೋಮೀಟರ್ ಕೂಡ ಇಲ್ಲ.

ಅಲ್ಲಿ ಹುಟ್ಟಿದ ಹೊಸ ಐಡಿಯಾ ಯಾವುದು ಗೊತ್ತಾ? ಪಿಗ್ಮಿ. 1928ರಲ್ಲಿ ಸಿಂಡಿಕೇಟ್‌ನವರು ಶುರು ಮಾಡಿದ್ದು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಎರಡಾಣೆ ತಗೊಂಡು ಹೋಗುತ್ತಿದ್ದ. ನನ್ನ ಅಜ್ಜಿ ಬೀಡಿ ಕಟ್ಟಿ ಪಿಗ್ಮಿ ತುಂಬಿದವರು. ಚಿಕ್ಕಮ್ಮನ ಮದುವೆಯ ಕರಿಮಣಿ ಅದರಲ್ಲೇ ಆದದ್ದು. ಈಗ ಫೋನಲ್ಲಿ ದಿನಕ್ಕೆ ಹತ್ತು ರೂಪಾಯಿ ಉಳಿಸುವ ಆ್ಯಪ್ ಮಾಡಿ ಹೊಸದು ಅಂತಾರೆ. ನಗು ಬರುತ್ತೆ.

ದುರ್ಗದಬೈಲ್:
ಅದು ಸಹಕಾರ ಅಲ್ಲ, ಪೈಪೋಟಿ. ಅವನು ಬ್ಯಾಂಕ್ ಹಾಕಿದ, ನಾನೂ ಹಾಕ್ತೀನಿ ಅಂತ.

ಕುಡ್ಲದ ಹುಡುಗ:
ಪೈಪೋಟಿಯೂ ಇತ್ತು, ಒಪ್ಪಿದೆ. ಆದರೆ ಒಂದು ಊರಿನ ಬ್ಯಾಂಕಲ್ಲಿ ಕಲಿತ ಗುಮಾಸ್ತ ಇನ್ನೊಂದು ಊರಿನ ಬ್ಯಾಂಕಿಗೆ ಬರುವುದು, ಮದುವೆ ಮನೆಯಲ್ಲಿ ಕೂತು ಲೆಕ್ಕ ಬರೆಯುವ ಪದ್ಧತಿ ಬಗ್ಗೆ ಮಾತಾಡುವುದು, ಇದೆಲ್ಲ ನಮ್ಮ ಕಡೆ ಹಿರಿಯರು ಈಗಲೂ ಹೇಳುವ ಮಾತು. ಪೈಪೋಟಿ ಇರುವವರು ಒಬ್ಬರಿಗೊಬ್ಬರು ಪರಿಚಯದವರೇ ಆಗಿದ್ದರೆ ಅದರ ರುಚಿಯೇ ಬೇರೆ.

ಚಿಗರಿ ಪಾಸ್:
ಎಲ್ಲರೂ ಇತಿಹಾಸ ಹೇಳ್ತಿದ್ದೀರಿ. ನಾನು ಬಸ್ ಬಗ್ಗೆ ಹೇಳ್ತೀನಿ. 2018ರಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ ಓಡೋಕೆ ಶುರುವಾಯ್ತು. ಸುಮಾರು 22 ಕಿ.ಮೀ. ಅದಕ್ಕೇ ಅಂತ ಬೇರೆ ದಾರಿ. ಅದಕ್ಕೂ ಮೊದಲು ಹಳೇ ಬಸ್‌ನಲ್ಲಿ ನಿಂತು, ಬೆವರಿ, ಕಾಲೇಜು ಮುಟ್ಟುವ ಹೊತ್ತಿಗೆ ಅರ್ಧ ಜೀವ. ಈಗ ನಾನು ಧಾರವಾಡದಲ್ಲಿ ರೂಮ್ ಮಾಡಿಕೊಂಡು ಹುಬ್ಬಳ್ಳಿಯ ಒಂದು ಸ್ಟಾರ್ಟಪ್‌ನಲ್ಲಿ ಕೆಲಸ ಮಾಡ್ತೀನಿ. ನನ್ನ ಜತೆ ಕೂರುವ ನಾಲ್ವರಲ್ಲಿ ಮೂವರು ಧಾರವಾಡದವರೇ. ಬಸ್ ಇಲ್ಲದಿದ್ದರೆ ಬೆಂಗಳೂರಿಗೆ ಹೋಗಿರುತ್ತಿದ್ದೆವು. ಇದು ಸಹಕಾರ ಅಲ್ವಾ?

ಪೇಡೆ ಊರಿನವ:
ಬಸ್ಸಿನ ದಾರಿ ಬಂದಮೇಲೆ ಉಳಿದವರ ದಾರಿ ಕಿರಿದಾಯ್ತು, ಮಳೆ ಬಂದರೆ ನೀರು ನಿಲ್ಲುತ್ತೆ. ಅದನ್ನೂ ಹೇಳಿ.

ಚಿಗರಿ ಪಾಸ್:
ಹೇಳಿದೆ ಅಂತ ತಿಳ್ಕೊಳ್ಳಿ. ಆದರೂ ಬಸ್ ಬೇಕು.

ಥೀಸಿಸ್ ಬಾಕಿ:
ಧಾರವಾಡದ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಯಾವುದು ಅಂತ ಹೇಳಲ್ಲ, ಗೈಡ್ ಓದಿದರೆ ಕಷ್ಟ.

ನಮ್ಮ ಭಾಗದಲ್ಲಿ ಓದಿಸುವ ಜಾಗಕ್ಕೆ ಕೊರತೆ ಇಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿವಿ, 2015ರಿಂದ ಟ್ರಿಪಲ್ ಐಟಿ, 2016ರಿಂದ ಐಐಟಿ. ಹುಬ್ಬಳ್ಳಿಯಲ್ಲಿ ನಾವೆಲ್ಲ ಇನ್ನೂ ಬಿವಿಬಿ ಅಂತಲೇ ಕರೆಯುವ ಕೆಎಲ್‌ಇ ತಾಂತ್ರಿಕ ವಿವಿ. ದೇಶಪಾಂಡೆ ಫೌಂಡೇಶನ್‌ನವರ ಸ್ಟಾರ್ಟಪ್ ಕೇಂದ್ರ. ಬೆಳಗಾವಿಯಲ್ಲಿ ವಿಟಿಯು. ಇಷ್ಟೆಲ್ಲ ಇದ್ದೂ, ನಾನಿಲ್ಲಿ ಬಂದ ಮೇಲೆ ಒಬ್ಬ ಕಾರ್ಖಾನೆಯವರೂ ನಮ್ಮ ಲ್ಯಾಬ್ ಬಾಗಿಲು ತಟ್ಟಿದ್ದು ನೋಡಿಲ್ಲ. ನಾವೂ ಅವರ ಬಾಗಿಲು ತಟ್ಟಿಲ್ಲ. ತಪ್ಪು ಎರಡೂ ಕಡೆ.

ತಾರಿಹಾಳದವ:
@ಥೀಸಿಸ್ ಬಾಕಿ ತಮ್ಮಾ, ನಾನು ತಟ್ಟಿದ್ದೇನೆ. ನಿಮ್ಮ ಲ್ಯಾಬ್ ಅಲ್ಲ, ಬೇರೆ ಒಂದು ಕಾಲೇಜು. ಮೂರು ವರ್ಷದ ಹಿಂದೆ. ಒಂದು ಕಾಸ್ಟಿಂಗ್, ಅಂದರೆ ಎರಕದ ತುಂಡು ಹಿಡಿದುಕೊಂಡು ಹೋದೆ, ಒಳಗೆ ಏನಿದೆ ನೋಡಿಕೊಡಿ ಅಂತ. ಗೇಟಿನಲ್ಲಿ ಪುಸ್ತಕದಲ್ಲಿ ಬರೆದೆ. ಆಮೇಲೆ ಅರ್ಜಿ ಅಂದರು. ಅರ್ಜಿ ಕೊಟ್ಟರೆ ಲೆಟರ್‌ಹೆಡ್ ಅಂದರು. ಲೆಟರ್‌ಹೆಡ್ ತಂದರೆ ಸಾಹೇಬರು ರಜೆ. ಮೆಷಿನ್ ಗಾಜಿನ ಆ ಕಡೆ ಕಾಣಿಸುತ್ತಿತ್ತು, ಮೇಲೆ ನೀಲಿ ಬಟ್ಟೆ ಹೊದಿಸಿದ್ದರು. ತುಂಡನ್ನು ಕೊರಿಯರ್ ಮಾಡಿ ಪುಣೆಗೆ ಕಳಿಸಿದೆ.

ಥೀಸಿಸ್ ಬಾಕಿ:
ನೀಲಿ ಬಟ್ಟೆ 😔 ನಮ್ಮಲ್ಲೂ ಇದೆ.

ಮಾಲ್ಮೋ ಕನ್ನಡಿಗ:
ಸ್ವೀಡನ್‌ನಿಂದ. ನಮ್ಮ ಊರು ಮಾಲ್ಮೋ. ಸಮುದ್ರದ ಆಚೆ ದಡದಲ್ಲಿ ಕೋಪನ್‌ಹೇಗನ್, ಅದು ಡೆನ್ಮಾರ್ಕ್. 2000ದಲ್ಲಿ ಎರಡರ ನಡುವೆ ಓರೆಸುಂಡ್ ಸೇತುವೆ ಆಯಿತು. ಅರ್ಧ ಸೇತುವೆ, ನಡುವೆ ಮನುಷ್ಯರೇ ಕಟ್ಟಿದ ದ್ವೀಪ, ಉಳಿದದ್ದು ಸಮುದ್ರದಡಿಯ ಸುರಂಗ. ನಲವತ್ತು ನಿಮಿಷದಲ್ಲಿ ಟ್ರೈನ್ ಆಚೆ ದೇಶಕ್ಕೆ ಮುಟ್ಟಿಸುತ್ತೆ. ಎರಡೂ ಕಡೆಯ ಔಷಧ ಕಂಪನಿಗಳು, ಲುಂಡ್ ಮತ್ತು ಕೋಪನ್‌ಹೇಗನ್ ವಿವಿಗಳು ಸೇರಿ ತಮ್ಮ ಭಾಗಕ್ಕೆ ಮೆಡಿಕಾನ್ ವ್ಯಾಲಿ ಅಂತ ಹೆಸರಿಟ್ಟುಕೊಂಡಿವೆ.

ಆದರೆ ಸೇತುವೆ ಕಟ್ಟಿದ ಮೇಲೂ ಜಗಳ ಮುಗಿದಿಲ್ಲ. ಒಂದು ದೇಶದಲ್ಲಿ ಮನೆ, ಇನ್ನೊಂದರಲ್ಲಿ ಕೆಲಸ ಅಂದರೆ ತೆರಿಗೆ ಯಾರಿಗೆ, ಪಿಂಚಣಿ ಯಾರದು, ಇದರಲ್ಲೇ ಅರ್ಧ ತಲೆ ಹೋಗುತ್ತೆ. 2016ರ ಜನವರಿಯಲ್ಲಿ ಗುರುತಿನ ಚೀಟಿ ತಪಾಸಣೆ ಶುರು ಮಾಡಿದರು. ದಿನಾ ಓಡಾಡುವವರ ಪಾಡು ಕೇಳಬೇಡಿ. ಕೆಲವರು ಬೇಸತ್ತು ಕೆಲಸವನ್ನೇ ಬಿಟ್ಟರು. ಕಬ್ಬಿಣ, ಕಾಂಕ್ರೀಟು ಕೂಡಿಸಿದ್ದನ್ನು ಒಂದು ಕೌಂಟರ್ ಕೆಡಿಸುತ್ತೆ.

ಲೆಕ್ಕದಕ್ಕ:
@ಮಾಲ್ಮೋ ಕನ್ನಡಿಗ ನಿಮ್ಮ ಕಡೆಯ ಕೌಂಟರ್ ಇಲ್ಲೂ ಇದೆ ಸರ್, ರೂಪ ಬೇರೆ ಅಷ್ಟೇ.

ನಾನು ಸಣ್ಣ ಕಾರ್ಖಾನೆಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ಫೌಂಡ್ರಿಗೆ ಹೆಸರಾದ ಊರು. ಎಷ್ಟೋ ಜನ ಮಷಿನಿಂಗ್‌ಗೆ ಅಂತ ಅಲ್ಲಿಗೆ ಮಾಲು ಕಳಿಸುತ್ತಾರೆ. ನಮ್ಮ ರಾಜ್ಯದೊಳಗೆ ಐವತ್ತು ಸಾವಿರದ ಕೆಳಗಿನ ಮಾಲಾದರೆ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಇ-ವೇ ಬಿಲ್‌ನ ತಲೆನೋವಿಲ್ಲ, ಚಲನ್ ಸಾಕು. ಆದರೆ ಜಾಬ್ ವರ್ಕ್‌ಗೆ, ಅಂದರೆ ನಮ್ಮ ಮಾಲಿನ ಮೇಲೆ ಬೇರೆಯವರಿಂದ ಕೆಲಸ ಮಾಡಿಸಲು, ಬೇರೆ ರಾಜ್ಯಕ್ಕೆ ಕಳಿಸಿದರೆ ಐನೂರು ರೂಪಾಯಿಯ ಮಾಲಿಗೂ ಇ-ವೇ ಬಿಲ್ ಬೇಕು. ಒಂದು ಸ್ಯಾಂಪಲ್ ತುಂಡು ಕಳಿಸಿ ನೋಡೋಣ ಅನ್ನುವವನು ಅಲ್ಲೇ ಅರ್ಧ ಸುಸ್ತು. ದೊಡ್ಡ ಲೋಡ್‌ಗೆ ಇದು ಲೆಕ್ಕಕ್ಕಿಲ್ಲ, ಗುಮಾಸ್ತ ನೋಡಿಕೊಳ್ಳುತ್ತಾನೆ. ಪೆಟ್ಟು ಬೀಳುವುದು ಹೊಸದು ಪ್ರಯತ್ನ ಮಾಡುವ ಸಣ್ಣವನಿಗೆ.

ನಿಪ್ಪಾಣಿ ನಾಕಾ:
ಮೊದಲು ಕೊಗನೊಳ್ಳಿ ಚೆಕ್‌ಪೋಸ್ಟ್‌ನಲ್ಲಿ ಲಾರಿ ಸಾಲು ನೋಡಿದ್ದರೆ ಈಗಿನದು ಸ್ವರ್ಗ ಅಂತೀರಿ ಅಕ್ಕಾ. ಈಗಿನ ತೊಂದರೆ ಬೇರೆ. ಗಡಿ ಗಲಾಟೆ ಆದರೆ ಬಸ್ ನಿಲ್ಲುತ್ತೆ. ಎರಡೂ ಕಡೆ ಮಸಿ ಬಳಿಯೋದು, ಕಲ್ಲು ತೂರೋದು. ಆದರೆ ಕೊಲ್ಹಾಪುರದ ಸೇಠ್‌ಜಿ ಬೆಳಗಾವಿ ಸಾಹುಕಾರರಿಗೆ ಫೋನ್ ಮಾಡೋದು ಮಾತ್ರ ನಿಲ್ಲಲ್ಲ. ನಡುವೆ ಕರೆಂಟ್ ದರ ಜಾಸ್ತಿ ಅಂತ ಅಲ್ಲಿಯ ಕಾರ್ಖಾನೆಯವರು ಕರ್ನಾಟಕಕ್ಕೇ ಬರ್ತೀವಿ ಅಂದಿದ್ದರು ಕೂಡ.

ಪೇಡೆ ಊರಿನವ:
ಬರ್ತೀವಿ ಅಂದರು, ಬಂದರಾ? ಅವರ ಸರ್ಕಾರವನ್ನು ಹೆದರಿಸೋಕೆ ನಮ್ಮ ಹೆಸರು ಬಳಸಿಕೊಂಡರು. ಅಷ್ಟೇ.

ಉದ್ಯಮಬಾಗ ಎರಕ:
ಬೆಳಗಾವಿಗೆ ಇದು ಹಳೇ ಕಥೆ. 1888ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಸೈಕಲ್ ಅಂಗಡಿ ಇಟ್ಟಿದ್ದು ನಮ್ಮ ಊರಲ್ಲಿ. ಕಬ್ಬಿಣದ ನೇಗಿಲು ಮಾಡಲು ಶುರು ಮಾಡಿದ್ದೂ ಇಲ್ಲೇ. ಜಾಗ ಖಾಲಿ ಮಾಡಿ ಅಂದರು. ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಆಯಿತು. ಒಂದು ಊರು ಬೇಡ ಅಂದದ್ದನ್ನು ಪಕ್ಕದ ಊರು ಬಾ ಅಂತು. ಇದನ್ನು ಯಾವ ಲೆಕ್ಕಕ್ಕೆ ಹಾಕ್ತೀರಿ, ಸಹಕಾರವೋ ಕಿತ್ತಾಟವೋ?

ದುರ್ಗದಬೈಲ್:
ಬೆಳಗಾವಿಗೆ ನಷ್ಟ ಅನ್ನಿ.

ಉದ್ಯಮಬಾಗ ಎರಕ:
ಪೂರ್ತಿ ನಷ್ಟ ಅಲ್ಲ. ಅವರದೇ ಮನೆತನದವರು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರು ಮಾಡಿದರು. ಅಲ್ಲಿಯ ಲೇತ್ ಈ ಭಾಗದ ಎಷ್ಟು ವರ್ಕ್‌ಶಾಪ್‌ಗಳನ್ನು ನಿಲ್ಲಿಸಿತು ಅಂತ ಹಳಬರನ್ನು ಕೇಳಿ. ನಮ್ಮ ಶೆಡ್‌ನಲ್ಲಿ ಒಂದು ಈಗಲೂ ಇದೆ. ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷ ಆಯ್ತು, ಆದರೆ ಈ ಲೇತ್‌ಗೆ ಎಣ್ಣೆ ಹಾಕದೆ ನಮ್ಮ ಮೇಸ್ತ್ರಿ ಚಹಾ ಕುಡಿಯಲ್ಲ.

ಹೊಸೂರು ರೋಡ್:
ಬೆಂಗಳೂರಿನವನು ಮಾತಾಡಬಹುದಾ? ಇಲ್ಲಿ ಹೊಸೂರಿಗೆ ಮೆಟ್ರೋ ಹೋಗಬೇಕಾ ಬೇಡ್ವಾ ಅಂತಲೇ ಜಗಳ. ಹೋದರೆ ನಮ್ಮ ಕಂಪನಿಗಳೆಲ್ಲ ತಮಿಳುನಾಡಿಗೆ ಹೋಗುತ್ತವೆ ಅಂತ ಒಂದು ಕಡೆ. ಅಲ್ಲಿಂದ ದಿನಾ ಕೆಲಸಕ್ಕೆ ಬರೋರ ಗತಿ ಏನು ಅಂತ ಇನ್ನೊಂದು ಕಡೆ. ನನ್ನ ಮಟ್ಟಿಗೆ, ಹೊಸೂರಿನ ಬಿಡಿಭಾಗದವರು ಇಲ್ಲದಿದ್ದರೆ ಬೊಮ್ಮಸಂದ್ರದ ಅರ್ಧ ಶೆಡ್ ನಡೆಯಲ್ಲ.

ಪೇಡೆ ಊರಿನವ:
ಬೆಂಗಳೂರಿನವರು ನಮ್ಮ ಚರ್ಚೆಗೂ ಟ್ರಾಫಿಕ್ ತಂದರು.

ಥೀಸಿಸ್ ಬಾಕಿ:
ತಾರಿಹಾಳದಣ್ಣ, ನೀವು ಪುಣೆಗೆ ಕಳಿಸಿದ ತುಂಡಿನ ಕಥೆ ಮುಗಿಸಲಿಲ್ಲ. ಏನಿತ್ತು ಅದರಲ್ಲಿ?

ತಾರಿಹಾಳದವ:
ಹೇಳ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ಒಂದು ಹೊಸ ವಾಲ್ವ್ ಮಾಡಲು ಹೊರಟಿದ್ದೆ. ಕೆಸರು ನೀರು ಹೋಗುವ ಪೈಪಿಗೆ. ಸಾಮಾನ್ಯ ಗೇಟ್ ವಾಲ್ವ್‌ನಲ್ಲಿ ಕೆಳಗೆ ಮರಳು ಕೂತು ಗೇಟ್ ಪೂರ್ತಿ ಮುಚ್ಚಲ್ಲ. ಆ ಜಾಗದ ಆಕಾರ ಬದಲಾಯಿಸಿದರೆ ನೀರೇ ಮರಳನ್ನು ತಳ್ಳಿಕೊಂಡು ಹೋಗುತ್ತೆ ಅಂತ ನನ್ನ ಲೆಕ್ಕ. ಡ್ರಾಯಿಂಗ್ ಮಾಡಿಸಿದೆ. ಬೆಳಗಾವಿಯಲ್ಲಿ ಪ್ಯಾಟರ್ನ್, ಅಂದರೆ ಎರಕದ ಅಚ್ಚು ಮೂಡಿಸುವ ಮಾದರಿ, ಮಾಡಿಸಿ ಅಲ್ಲೇ ಎರಕ ಹೊಯ್ಯಿಸಿದೆ. ಐದು ಬಾಡಿ ಬಂದವು. ನೋಡೋಕೆ ಚೆಂದ. ನೀರು ತುಂಬಿ ಒತ್ತಡ ಕೊಡುವ ಹೈಡ್ರೋ ಟೆಸ್ಟ್‌ಗೆ ಹಾಕಿದೆವು. ವಾಲ್ವ್ ತಡೆಯಬೇಕಾದ ಒತ್ತಡದ ಒಂದೂವರೆ ಪಟ್ಟು ಕೊಟ್ಟು ನೋಡುವುದು ಪದ್ಧತಿ. ಎರಡು ನಿಂತವು. ಮೂರು ಬೆವರಿದವು. ಬೆವರುವುದು ಅಂದರೆ ಸೋರುವುದಲ್ಲ, ಗೋಡೆಯ ಮೇಲೆ ಸಣ್ಣ ಸಣ್ಣ ಹನಿ ಮೂಡುತ್ತವೆ. ಒರೆಸಿದರೆ ಮತ್ತೆ ಮೂಡುತ್ತವೆ. ನಮ್ಮ ಹುಡುಗ ಅದಕ್ಕೆ ಬನಿಯನ್ ತುಂಡು ಹಿಡಿದುಕೊಂಡು ನಿಂತಿದ್ದ, ಜ್ವರ ಬಂದ ಮಗುವಿನ ಹಣೆ ಒರೆಸುವ ಹಾಗೆ.

ಪುಣೆಯಿಂದ ರಿಪೋರ್ಟ್ ಬರಲು ಇಪ್ಪತ್ತಾರು ದಿನ. ಒಳಗೆ ಸಣ್ಣ ಪೊಳ್ಳು ಇದೆ ಅಂತ. ಅದು ನನಗೂ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಕೊನೆಗೆ ಬಸ್ ಹತ್ತಿ ಬೆಳಗಾವಿಗೆ ಹೋದೆ. ಪ್ಯಾಟರ್ನ್ ಮಾಡುವ ಹಿರಿಯರೊಬ್ಬರು ಕಾಸ್ಟಿಂಗ್ ಕೈಯಲ್ಲಿ ತಿರುಗಿಸಿ, ದಪ್ಪ ಗೋಡೆ ತೆಳು ಗೋಡೆ ಸೇರುವ ಕಡೆ ಹೆಬ್ಬೆರಳಿಟ್ಟರು. ‘ಇಲ್ಲಿ ಕಬ್ಬಿಣ ಕೊನೆಗೆ ಆರುತ್ತದೆ. ಅದು ಕುಗ್ಗುವಾಗ ಕುಡಿಯಲು ಇನ್ನಷ್ಟು ಕಬ್ಬಿಣ ಬೇಕು. ನೀವು ಕೊಟ್ಟಿಲ್ಲ’ ಅಂದರು. ಆ ಹೆಚ್ಚಿನ ಕಬ್ಬಿಣ ಒದಗಿಸುವ ರೈಸರ್‌ನ ಜಾಗ ಬದಲಾಯಿಸಿದರು, ಒಳಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿದರು. ಮುಂದಿನ ಐದೂ ನಿಂತವು.

ಹತ್ತು ನಿಮಿಷದ ಮಾತು. ಅದಕ್ಕೆ ನಾನು ಕಳೆದದ್ದು ಎರಡು ತಿಂಗಳು.

ಉದ್ಯಮಬಾಗ ಎರಕ:
ಫೌಂಡ್ರಿಗೆ ಬರುವ ಮುಂಚೆ ಡ್ರಾಯಿಂಗ್ ಎರಕದವನಿಗೆ ತೋರಿಸಬೇಕು. ಇದನ್ನೇ ಇಪ್ಪತ್ತು ವರ್ಷದಿಂದ ಹೇಳ್ತಿದ್ದೇನೆ. ನೀವು ಡ್ರಾಯಿಂಗ್ ಮುಗಿಸಿ, ರೇಟ್ ಕೇಳಿ, ಮೂರು ಕಡೆ ಕಡಿಮೆ ರೇಟ್ ಹುಡುಕಿ, ಆಮೇಲೆ ಬರುತ್ತೀರಿ. ಆಗ ನಾನ್ಯಾಕೆ ಬುದ್ಧಿ ಹೇಳಲಿ? ಹೇಳಿದರೆ ಇನ್ನೊಂದು ಫೌಂಡ್ರಿಗೆ ಹೋಗಿ ಅದನ್ನೇ ಮಾಡಿಸುತ್ತೀರಿ.

ತಾರಿಹಾಳದವ:
ಈ ಮಾತು ಚುಚ್ಚಿತು. ಆದರೆ ಸರಿ ಇದೆ. ನಾನೂ ಹಾಗೆ ಮಾಡಿದ್ದೇನೆ.

ಲೆಕ್ಕದಕ್ಕ:
ನೋಡಿ, ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಮಾತು ಇದೇ. ರಸ್ತೆ ಇದೆ, ಬಸ್ ಇದೆ, ಕಾಲೇಜಿದೆ. ಬಾಯಿ ಬಿಟ್ಟರೆ ನನ್ನ ಗಿರಾಕಿ ಹೋಗ್ತಾನೆ ಅನ್ನೋ ಹೆದರಿಕೆ ಕೂಡ ಇದೆ. ಸಂಘದವರೋ ಸರ್ಕಾರದವರೋ ಮಾಡಬೇಕಾದ್ದು ಆ ಹೆದರಿಕೆ ಕಡಿಮೆ ಮಾಡುವ ಕೆಲಸ. ಸಲಹೆಗೆ ದುಡ್ಡು ಕೊಡಿ, ಒಂದು ಕಾಗದ ಬರೆದುಕೊಳ್ಳಿ. ‘ಡಿಸೈನ್ ತಿದ್ದಿದವನಿಗೇ ಮೊದಲ ಐನೂರು ಪೀಸ್’ ಅಂತ. ನನ್ನ ಕ್ಲೈಂಟ್ ಒಬ್ಬರು ಮಾಡಿದ್ದಾರೆ. ಎರಡೇ ಪುಟ.

ದುರ್ಗದಬೈಲ್:
ಹಾಗಾದರೆ ನಗರಗಳ ಸಹಕಾರಕ್ಕೆ ಏನೂ ಪಾತ್ರ ಇಲ್ಲ ಅಂತಾಯ್ತು.

ಚಿಗರಿ ಪಾಸ್:
ಹಂಗಲ್ಲ. ಒಬ್ಬೊಬ್ಬರೇ ಮಾಡೋಕೆ ಆಗದೇ ಇರೋದೂ ಇದೆ. 24 ಗಂಟೆ ನೀರು ನೋಡಿ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಒಂದೇ ಯೋಜನೆಯಲ್ಲಿ ಕೆಲವು ಬಡಾವಣೆಗೆ ಕೊಟ್ಟು ತೋರಿಸಿದವು. ಅದಕ್ಕೂ ಮೊದಲು ನಮ್ಮಲ್ಲಿ ಇದು ಆಗೋ ಮಾತೇ ಅಲ್ಲ ಅಂತಿದ್ದರು. ಒಂದು ಊರು ಒಬ್ಬಂಟಿಯಾಗಿ ಕೇಳಿದ್ದರೆ ಬರುತ್ತಿತ್ತಾ?

ಪೇಡೆ ಊರಿನವ:
ನಮ್ಮ ಓಣಿಗೆ ಇನ್ನೂ ಬಂದಿಲ್ಲ.

ನಿಪ್ಪಾಣಿ ನಾಕಾ:
ರೈಲೂ ಅದೇ. ಬೆಳಗಾವಿಯಿಂದ ಧಾರವಾಡಕ್ಕೆ ಈಗಲೂ ಲೋಂಡಾ ಸುತ್ತಿ ಹೋಗಬೇಕು. ಕಿತ್ತೂರು ಮೇಲಿನ ನೇರ ಮಾರ್ಗದ ಮಾತು ಕೇಳಿ ಕೇಳಿ ಕಿವಿ ಹಣ್ಣಾಯ್ತು. 2003ರಿಂದ ರೈಲ್ವೆ ವಲಯದ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮೂ ಅಲ್ಲೇ ಇದೆ, ಒಂದೂವರೆ ಕಿಲೋಮೀಟರ್. ನಿಂತು ಕಾಯೋಕೆ ಜಾಗ ಬೇಕಾದಷ್ಟಿದೆ.

ಮಾಲ್ಮೋ ಕನ್ನಡಿಗ:
😂 ಕೊನೇ ಸಾಲಿಗೆ ಇಲ್ಲಿ ಟ್ರೈನ್‌ನಲ್ಲಿ ಒಬ್ಬನೇ ನಕ್ಕೆ. ಎದುರಿಗಿದ್ದ ಅಜ್ಜಿ ಸೀಟು ಬದಲಾಯಿಸಿದರು.

ಹೊಸೂರು ರೋಡ್:
ಐಟಿ ಉದ್ಯಮವನ್ನು ಬೆಂಗಳೂರಿನ ಆಚೆಗೂ ಬೆಳೆಸೋಕೆ ‘ಬಿಯಾಂಡ್ ಬೆಂಗಳೂರು’ ಅಂತ ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್‌ನವರು ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದೇ ಕ್ಲಸ್ಟರ್ ಅಂತ ಹಿಡಿದಿದ್ದಾರಲ್ಲ. ಅದರಿಂದ ಏನೂ ಇಲ್ವಾ?

ಥೀಸಿಸ್ ಬಾಕಿ:
ಐಟಿಯವರಿಗೆ ಅನುಕೂಲ ಇರಬಹುದು. ಕಾಸ್ಟಿಂಗ್ ಬೆವರಿದರೆ ಅದು ಯಾರ ಕ್ಲಸ್ಟರ್ ಅನ್ನೋದು ಪ್ರಶ್ನೆ.

ಇರಲಿ. ಒಂದು ವಿಷಯ. ನಿನ್ನೆ ರಾತ್ರಿ ಇದನ್ನೆಲ್ಲ ಓದಿ ಬೆಳಿಗ್ಗೆ ಗೈಡ್ ಹತ್ತಿರ ಹೋದೆ. ಎರಕ ಆರುವಾಗ ಎಲ್ಲಿ ಪೊಳ್ಳು ಬೀಳುತ್ತೆ ಅಂತ ಕಂಪ್ಯೂಟರಿನಲ್ಲಿ ಮೊದಲೇ ತೋರಿಸುವ ಸಾಫ್ಟ್‌ವೇರ್ ನಮ್ಮಲ್ಲಿದೆ. ನನ್ನ ಥೀಸಿಸ್‌ಗೆ ಬೇಕಾದ್ದೂ ಅದೇ, ಆದರೆ ಇಲ್ಲಿವರೆಗೆ ಪುಸ್ತಕದ ಆಕಾರಗಳ ಮೇಲೆಯೇ ಓಡಿಸುತ್ತಿದ್ದೆ. ನಿಜವಾದ ಡ್ರಾಯಿಂಗ್ ಸಿಕ್ಕರೆ ಮಾಡಿ ಅಂದರು. ದುಡ್ಡು ಬೇಡ. ಹೆಸರು ಹಾಕಲ್ಲ. ಸಾಫ್ಟ್‌ವೇರ್ ಹೇಳಿದ್ದು ಸರಿಯೋ ತಪ್ಪೋ ಅಂತ ಎರಕದವರು ಹೇಳಬೇಕು.

ಉದ್ಯಮಬಾಗ ಎರಕ:
ತಪ್ಪು ಅಂತ ಹೇಳೋಕೆ ನಾನು ಯಾವಾಗಲೂ ಸಿದ್ಧ.

ತಾರಿಹಾಳದವ:
@ಥೀಸಿಸ್ ಬಾಕಿ ಡ್ರಾಯಿಂಗ್ ಕೊಡ್ತೀನಿ. ಹಳೇದು, ಬೆವರಿದ ಮಾಡೆಲ್‌ದು. ಸರಿ ಮಾಡಿದ್ದನ್ನು ಕೊಡಲ್ಲ. ನಿಮ್ಮ ಕಂಪ್ಯೂಟರ್ ಆ ಹಿರಿಯರು ಹೆಬ್ಬೆರಳಿಟ್ಟ ಜಾಗಕ್ಕೇ ಬರುತ್ತಾ ನೋಡೋಣ.

ಲೆಕ್ಕದಕ್ಕ:
ಎರಡು ಪುಟದ ಕಾಗದದ ನಮೂನೆ ನನ್ನ ಹತ್ತಿರ ಇದೆ. ಮೂವರಿಗೂ ಕಳಿಸುತ್ತೇನೆ. ಸಹಿ ಆದಮೇಲೆ ಡ್ರಾಯಿಂಗ್ ಕೊಡಿ, ಮೊದಲೇ ಅಲ್ಲ.

ಉದ್ಯಮಬಾಗ ಎರಕ:
ಬುಧವಾರ ನಮ್ಮಲ್ಲಿ ಎರಕದ ದಿನ. ಹನ್ನೊಂದಕ್ಕೆ ಮೊದಲು ಬಂದರೆ ಪ್ಯಾಟರ್ನ್ ಅಜ್ಜ ಸಿಗ್ತಾರೆ, ಊಟ ಆದಮೇಲೆ ಮನೆಗೆ ಹೋಗಿಬಿಡ್ತಾರೆ. ಒಡೆದ ಕಾಸ್ಟಿಂಗ್ ಇದ್ದರೆ ಅದನ್ನೂ ತನ್ನಿ.

ಪೇಡೆ ಊರಿನವ:
ಧಾರವಾಡದವನನ್ನು ಕರ್ಕೊಂಡು ಹೋಗ್ತಿದ್ದೀರಿ, ಒಂದು ಡಬ್ಬಿ ಪೇಡೆ ನನ್ನ ಕಡೆಯಿಂದ. ವಾಪಸ್ ಬರುವಾಗ ಕುಂದಾ ತನ್ನಿ.

ತಾರಿಹಾಳದವ:
ಬುಧವಾರ ಬೆಳಿಗ್ಗೆ ಏಳಕ್ಕೆ ತಾರಿಹಾಳದಿಂದ ಹೊರಡುತ್ತೇನೆ, ಮಾಲಿನ ಟೆಂಪೋದಲ್ಲೇ. @ಥೀಸಿಸ್ ಬಾಕಿ ನರೇಂದ್ರ ಬೈಪಾಸ್ ಹತ್ತಿರ ನಿಂತಿರಿ. ಮುಂದಿನ ಸೀಟು ಒಂದೇ ಇದೆ. ಮೂರು ಬಾಡಿ ನಿಮ್ಮ ಕಾಲ ಹತ್ತಿರ ಇರುತ್ತವೆ, ದಪ್ಪ ಬೂಟು ಹಾಕ್ಕೊಂಡು ಬನ್ನಿ.